ಹಾಲಿ ಸಿಕ್ಕದ ನಿರ್ಗಮನ: ಬದಲಾವಣೆಯನ್ನು ಜಾರಿಗೆ ತರುವ ವಿಧಾನ ಕುರಿತು ಒಂದು ಐತಿಹಾಸಿಕ ವಿವೇಚನೆ

೧

ಹೊಸದೊಂದು ವ್ಯವಸ್ಥೆಯನ್ನು ರಚಿಸುವ ಕಾರ್ಯವೇ ಬೇರೆ. ಹಳೆಯ ವ್ಯವಸ್ಥೆಯಲ್ಲಿ ನಿತ್ಯದ ವ್ಯವಹಾರ ನಡೆಸುತ್ತಿರುವ ಜನರನ್ನು ಅದರೊಳಕ್ಕೆ ಕರೆತರುವ ಕಾರ್ಯವೇ ಬೇರೆ. ಮೊದಲನೆಯದರ ಚರಿತ್ರೆಯನ್ನು ಬರೆದವರು ಬಹು ಮಂದಿ. ಎರಡನೆಯದು ಇತಿಹಾಸಕಾರರ ಗಮನಕ್ಕೆ ಬಂದುದು ವಿರಳ. ಗಣಕಯಂತ್ರಗಳ ಈ ಕಾಲದಲ್ಲಿ ಆ ಎರಡನೆಯ ಕಾರ್ಯವೇ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ತಂತ್ರಾಂಶದ ಪರಿಷ್ಕೃತ ಆವೃತ್ತಿಯನ್ನು, ಅಂದರೆ ಜನರು ಅಪ್‌ಡೇಟ್ ಎಂದು ಕರೆಯುವುದನ್ನು, ಬಳಸುವವರ ಕೆಲಸ ಕೆಡದಂತೆ ಬಿಡುಗಡೆ ಮಾಡುವುದು ಹೇಗೆಂಬುದು ಅದರ ಮುಖ್ಯ ಪ್ರಶ್ನೆ. ೧೯೯೮ರಲ್ಲಿ ಮಾಧಾಪುರದ ಸೈಬರ್ ಟವರ್ಸ್ ಉದ್ಘಾಟನೆಗೊಂಡಂದಿನಿಂದ ಹೈದರಾಬಾದು ಈ ವಿದ್ಯೆಯ ದೊಡ್ಡ ಕೇಂದ್ರಗಳಲ್ಲೊಂದಾಗಿದೆ. ಉದ್ಯೋಗಾರ್ಥವಾಗಿ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಅನೇಕರ ದೈನಂದಿನ ಕಾಯಕವೂ ಇದೇ ಆಗಿದೆ.

ಆದರೆ ಈ ಪ್ರಶ್ನೆ ಈ ನಗರಕ್ಕೆ ಹೊಸದಲ್ಲ. ಗಣಕಯಂತ್ರದ ಹೆಸರನ್ನೇ ಜನ ಕೇಳದಿದ್ದ ದಿನಗಳಲ್ಲಿ, ಒಂದು ಸಂಸ್ಥಾನದ ಸಮಸ್ತ ಪ್ರಜೆಗಳ ಕೈಯಲ್ಲಿದ್ದ ನಾಣ್ಯವನ್ನು ಬದಲಾಯಿಸಬೇಕಾದ ಸಂದರ್ಭ ಇಲ್ಲಿ ಒದಗಿತ್ತು. ಆ ಪರಿವರ್ತನೆ ನಡೆದ ಕ್ರಮವನ್ನೂ, ಅದರ ಬೆನ್ನಿಗೇ ಬಂದ ದಶಮಾನ ಪದ್ಧತಿಯ ಕ್ರಮವನ್ನೂ ಪರಿಶೀಲಿಸಿದರೆ ಇಂದಿನ ತಂತ್ರಜ್ಞರು ಅನುಸರಿಸುತ್ತಿರುವ ವಿಧಾನಗಳ ಮುಖ್ಯ ಸೂತ್ರಗಳೆಲ್ಲ ಅಲ್ಲಿ ಕಾಣಸಿಗುತ್ತವೆ. ಅಷ್ಟೇ ಅಲ್ಲ, ಬದಲಾವಣೆಯ ತೊಂದರೆಯನ್ನು ಕೊನೆಗೆ ಹೊರುವವರು ಯಾರೆಂಬ ಪ್ರಶ್ನೆಯೂ ಅಲ್ಲಿ ಹೆಚ್ಚು ಸ್ಪಷ್ಟವಾಗಿ ಎದ್ದುಬರುತ್ತದೆ. ಪ್ರಸ್ತುತ ಲೇಖನದ ಉದ್ದೇಶ ಇದನ್ನು ತೋರಿಸುವುದಷ್ಟೆ.

೨

ನಿಜಾಮ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ ಜಿಲ್ಲೆಗಳಿದ್ದುವೆಂಬುದು ವಾಚಕರಿಗೆ ತಿಳಿದ ವಿಷಯ. ಗುಲ್ಬರ್ಗಾ, ರಾಯಚೂರು, ಬೀದರುಗಳೇ ಆ ಮೂರು. ಸಂಸ್ಥಾನಕ್ಕೆ ತನ್ನದೇ ಆದ ನಾಣ್ಯವಿದ್ದಿತು. 'ಹಾಲಿ ಸಿಕ್ಕ' ಎಂಬ ಹೆಸರಿಗೆ 'ಈಗ ನಡೆಯುತ್ತಿರುವ ನಾಣ್ಯ' ಎಂದೇ ಅರ್ಥ. ೧೯೦೩ರಲ್ಲಿ ಸೈಫಾಬಾದಿನ ಟಂಕಸಾಲೆ ಏರ್ಪಟ್ಟ ಮೇಲೆ ಯಂತ್ರದಿಂದ ಅಚ್ಚಾದ, ಚಾರ್ಮಿನಾರಿನ ಚಿತ್ರವುಳ್ಳ ರೂಪಾಯಿಗಳು ಬಳಕೆಗೆ ಬಂದುವು. ಪ್ರಥಮ ಮಹಾಯುದ್ಧದ ಕಾಲದ ಬೆಳ್ಳಿಯ ಅಭಾವದಿಂದಾಗಿ, ಅದುವರೆಗೆ ದೇಶೀಯ ಸಂಸ್ಥಾನಗಳ ಕಾಗದದ ನಾಣ್ಯಕ್ಕೆ ಒಪ್ಪದಿದ್ದ ಬ್ರಿಟಿಷರು ಹೈದರಾಬಾದಿನ ನೋಟುಗಳಿಗೆ ಸಮ್ಮತಿಸಬೇಕಾಯಿತು. ೧೯೧೮ರಲ್ಲಿ ಹತ್ತು ಮತ್ತು ನೂರು ರೂಪಾಯಿಗಳ ನೋಟುಗಳು ಹೊರಬಂದುವು. ಮರುವರ್ಷ ಒಂದು ಮತ್ತು ಐದು ರೂಪಾಯಿಗಳವೂ, ೧೯೨೬ರಲ್ಲಿ ಸಾವಿರ ರೂಪಾಯಿಯದೂ ಬಂದುವು. ಈ ನೋಟುಗಳಲ್ಲಿ ಮೊತ್ತವನ್ನು ಉರ್ದುವಿನೊಡನೆ ಕನ್ನಡ, ತೆಲುಗು, ಮರಾಠಿಗಳಲ್ಲಿಯೂ ಮುದ್ರಿಸುತ್ತಿದ್ದರು. ಆಡಳಿತದ ಇತರ ಕ್ಷೇತ್ರಗಳಲ್ಲಿ ಕನ್ನಡಕ್ಕೆ ಅಷ್ಟೇನೂ ಸ್ಥಾನವಿರದಿದ್ದ ಸಂಸ್ಥಾನದಲ್ಲಿ, ಹಣದ ಮೇಲಾದರೂ ಅದು ಇದ್ದಿತೆಂಬುದು ಗಮನಾರ್ಹ. ನೋಟನ್ನು ಕೈಯಲ್ಲಿ ಹಿಡಿದವನಿಗೆ ಅದರ ಬೆಲೆ ತಿಳಿಯದಿದ್ದರೆ ನೋಟು ನಡೆಯದೆಂಬ ವ್ಯಾವಹಾರಿಕ ವಿವೇಕವೇ ಇದಕ್ಕೆ ಕಾರಣವಾಗಿರಬೇಕು.

ಬ್ರಿಟಿಷ್ ಭಾರತದ ರೂಪಾಯಿಯನ್ನು ಈ ಸೀಮೆಯ ಜನ 'ಕಲ್ದಾರ್' ಎಂದು ಕರೆಯುತ್ತಿದ್ದರು. ಸಿಕ್ಕ ರೂಪಾಯಿ ಅದಕ್ಕಿಂತ ಬೆಲೆಯಲ್ಲಿ ಕಡಮೆ. ಸಂಸ್ಥಾನದ ಗಡಿಯಲ್ಲಿದ್ದ ಕನ್ನಡಿಗರಿಗೆ ಎರಡೂ ಪರಿಚಿತವೇ. ರಾಯಚೂರು ಜಿಲ್ಲೆಯವನು ತುಂಗಭದ್ರೆಯನ್ನು ದಾಟಿದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ; ಗುಲ್ಬರ್ಗಾದ ವರ್ತಕ ರೈಲುಗಾಡಿ ಹತ್ತಿ ಹೊರಟರೆ ಮುಂಬಯಿ ಪ್ರಾಂತದ ಸೊಲ್ಲಾಪುರ. ಹೋದ ಕಡೆಯಲ್ಲೆಲ್ಲ ಕಲ್ದಾರ್ ಬೇಕು, ಊರಿಗೆ ಮರಳಿದರೆ ಸಿಕ್ಕ ಬೇಕು. ನಡುವೆ ಸರಾಫನೂ ಅವನ ವಟ್ಟವೂ ತಪ್ಪಿದ್ದಲ್ಲ.

೩

೧೯೪೮ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯ ತರುವಾಯ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ರಾಜಕೀಯ ವಿಲೀನ ಕೆಲವೇ ದಿನಗಳಲ್ಲಿ ಮುಗಿದ ಕಾರ್ಯ. ನಾಣ್ಯದ ವಿಲೀನ ಹಾಗಾಗಲಿಲ್ಲ. ೧೯೫೦ರಲ್ಲಿ ಭಾರತದ ರೂಪಾಯಿ ಇಲ್ಲಿ ಕಾನೂನುಬದ್ಧ ನಾಣ್ಯವಾಯಿತು, ಆದರೆ ಹಾಲಿ ಸಿಕ್ಕವನ್ನು ಅಂದೇ ತೆಗೆದುಹಾಕಲಿಲ್ಲ. ಏಳು ಸಿಕ್ಕ ರೂಪಾಯಿಗೆ ಆರು ಭಾರತೀಯ ರೂಪಾಯಿ ಎಂಬ ದರದಲ್ಲಿ ಎರಡೂ ಜೊತೆಜೊತೆಯಾಗಿ ನಡೆದುವು. ೧೯೫೧ರಲ್ಲಿ ಸಿಕ್ಕದ ಹೊಸ ನಾಣ್ಯ ನೋಟುಗಳ ಬಿಡುಗಡೆ ನಿಂತಿತು. ಅದರ ಮಾನ್ಯತೆ ಪೂರ್ಣವಾಗಿ ಕೊನೆಗೊಂಡುದು ೧೯೫೯ರಲ್ಲಿ. ಈ ನಡುವೆ ೧೯೫೬ರ ನವೆಂಬರ್ ೧ರಂದು ಹೈದರಾಬಾದು ರಾಜ್ಯವೇ ಮೂರು ಭಾಗವಾಗಿ ಆಂಧ್ರಪ್ರದೇಶ, ಮುಂಬಯಿ, ಮೈಸೂರು ರಾಜ್ಯಗಳಲ್ಲಿ ಸೇರಿಹೋಯಿತು. ಹೀಗೆ ನಾಣ್ಯವು ತನಗೆ ಜನ್ಮಕೊಟ್ಟ ರಾಜ್ಯಕ್ಕಿಂತ ಹೆಚ್ಚು ಕಾಲ ಉಳಿದುಕೊಂಡಿತು.

ಈ ಒಂಬತ್ತು ವರ್ಷಗಳ ಕ್ರಮದಲ್ಲಿ ಮೂರು ಮೆಟ್ಟಿಲುಗಳು ಸ್ಪಷ್ಟವಾಗಿ ತೋರುತ್ತವೆ. ಮೊದಲು ಹೊಸದಕ್ಕೆ ಮಾನ್ಯತೆ. ಎರಡನೆಯದಾಗಿ ಹಳೆಯದರ ಉತ್ಪಾದನೆಗೆ ತಡೆ. ಕಟ್ಟಕಡೆಗೆ ಹಳೆಯದರ ರದ್ದು. ಈ ಅನುಕ್ರಮವನ್ನು ತಿರುವುಮುರುವು ಮಾಡಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಹೊಸ ನಾಣ್ಯ ಹಳ್ಳಿಯನ್ನು ಮುಟ್ಟುವ ಮೊದಲೇ ಹಳೆಯದು ಸತ್ತಿದ್ದರೆ ಸಂತೆ ನಿಲ್ಲುತ್ತಿತ್ತು. ಹಳೆಯದನ್ನು ಅಚ್ಚುಹಾಕುವುದನ್ನು ನಿಲ್ಲಿಸದೆ ಇದ್ದಿದ್ದರೆ ಎರಡು ನಾಣ್ಯಗಳ ಕಾಲ ಎಂದೂ ಮುಗಿಯುತ್ತಿರಲಿಲ್ಲ. ಇಂದಿನ ತಂತ್ರಜ್ಞರು ದತ್ತಸಂಚಯದ ರಚನೆಯನ್ನು ಬದಲಿಸುವಾಗ ಅನುಸರಿಸುವ ಕ್ರಮವೂ ಇದೇ ಆಗಿದೆ. ಮೊದಲು ಹೊಸ ಅಂಕಣವನ್ನು ಹಳೆಯದರ ಪಕ್ಕದಲ್ಲಿ ಸೇರಿಸುತ್ತಾರೆ. ಬಳಿಕ ಎಲ್ಲ ಬರವಣಿಗೆಯನ್ನೂ ಹೊಸದಕ್ಕೆ ತಿರುಗಿಸುತ್ತಾರೆ. ಹಳೆಯದನ್ನು ಓದುವವರು ಯಾರೂ ಉಳಿದಿಲ್ಲವೆಂದು ಖಚಿತವಾದ ಮೇಲಷ್ಟೇ ಅದನ್ನು ಅಳಿಸುತ್ತಾರೆ.

ದರದ ವಿಷಯವೂ ವಿಚಾರಯೋಗ್ಯ. ಒಂದು ಸಿಕ್ಕ ರೂಪಾಯಿಯ ಬೆಲೆಯನ್ನು ನೇರವಾಗಿ ಲೆಕ್ಕಹಾಕಿದರೆ ೧೩ ಆಣೆ ೮ ಪೈಗಳಿಗಿಂತ ತುಸು ಹೆಚ್ಚಾಗಿ, ಭಿನ್ನರಾಶಿಯಲ್ಲಿ ನಿಲ್ಲುತ್ತದೆ. ನೂರು ಭಾರತೀಯ ರೂಪಾಯಿಗೆ ೧೧೬ ರೂಪಾಯಿ ೧೦ ಆಣೆ ೮ ಪೈ ಸಿಕ್ಕ. ಇವು ಲೆಕ್ಕಿಗರ ಅಂಕೆಗಳು. ಆದರೆ 'ಆರಕ್ಕೆ ಏಳು' ಎಂಬುದು ಬಾಯಲ್ಲಿ ನಿಲ್ಲುವ ಮಾತು. ಆರಾಣೆಯ ಪದಾರ್ಥಕ್ಕೆ ಏಳಾಣೆ ಸಿಕ್ಕ. ಒಂದು ಭಾರತೀಯ ಆಣೆಗೆ ಸರಿಯಾಗಿ ಹದಿನಾಲ್ಕು ಸಿಕ್ಕ ಪೈ. ಅಕ್ಷರ ಬಾರದವನೂ ಬೆರಳೆಣಿಕೆಯಲ್ಲಿ ಇದನ್ನು ಸಾಧಿಸಿಕೊಳ್ಳಬಲ್ಲನು. ದರವು ನಿಶ್ಚಿತವಾಗಿಯೂ ಸರಳವಾಗಿಯೂ ಇದ್ದಾಗ ಸರಾಫನ ಚಾತುರ್ಯಕ್ಕೆ ಎಡೆ ಕಡಮೆಯಾಗುತ್ತದೆ. ಹಳೆಯದಕ್ಕೂ ಹೊಸದಕ್ಕೂ ನಡುವೆ ಇಂಥ ಸೇತುವೆಯೊಂದನ್ನು ಕಟ್ಟುವುದನ್ನು ತಂತ್ರಾಂಶದ ಪರಿಭಾಷೆಯಲ್ಲಿ ಹಿಮ್ಮುಖ ಹೊಂದಾಣಿಕೆ ಎನ್ನಬಹುದು. ಹಳೆಯ ಆವೃತ್ತಿಯಲ್ಲಿ ಬರೆದ ಕಡತವನ್ನು ಹೊಸ ಆವೃತ್ತಿಯೂ ತೆರೆಯಬೇಕೆಂಬುದೇ ಅದರ ತಾತ್ಪರ್ಯ.

ಆದರೂ ಜೋಡಿ ನಾಣ್ಯಗಳ ಕಾಲ ಕ್ಲೇಶರಹಿತವಾಗಿತ್ತೆಂದು ಹೇಳುವಂತಿಲ್ಲ. ಪ್ರತಿಯೊಂದು ಅಂಗಡಿಯಲ್ಲೂ ಎರಡು ಲೆಕ್ಕ, ಪ್ರತಿಯೊಂದು ಸಾಲಪತ್ರದಲ್ಲೂ ಯಾವ ರೂಪಾಯಿ ಎಂಬ ಪ್ರಶ್ನೆ. ಎರಡು ವ್ಯವಸ್ಥೆಗಳನ್ನು ಏಕಕಾಲದಲ್ಲಿ ನಡೆಸುವ ವೆಚ್ಚವನ್ನು ಯಾರಾದರೂ ಹೊರಲೇಬೇಕು. ಅದು ಸರಕಾರದ ಮೇಲೆ ಬಿದ್ದಷ್ಟೂ ಪ್ರಜೆಯ ಮೇಲಿನ ಭಾರ ಇಳಿಯುತ್ತದೆ.

೪

ಹಾಲಿ ಸಿಕ್ಕ ಇನ್ನೂ ಪೂರ್ಣವಾಗಿ ಮರೆಯಾಗುವ ಮೊದಲೇ ಮತ್ತೊಂದು ಪರಿವರ್ತನೆ ಬಂದಿತು. ೧೯೫೫ರ ನಾಣ್ಯ ತಿದ್ದುಪಡಿ ಶಾಸನದ ಮೇರೆಗೆ ೧೯೫೭ರ ಏಪ್ರಿಲ್ ೧ರಿಂದ ದೇಶದಾದ್ಯಂತ ದಶಮಾನ ನಾಣ್ಯ ಜಾರಿಗೆ ಬಂತು. ಹದಿನಾರು ಆಣೆ, ಅರುವತ್ತನಾಲ್ಕು ಪೈಸೆ, ನೂರತೊಂಬತ್ತೆರಡು ಪೈಗಳ ರೂಪಾಯಿ ಅಂದಿನಿಂದ ನೂರು ಪೈಸೆಗಳ ರೂಪಾಯಿಯಾಯಿತು. ಶಾಸನಕ್ಕೂ ಅದರ ಜಾರಿಗೂ ನಡುವೆ ಒಂದು ವರ್ಷಕ್ಕೂ ಮೀರಿದ ಅವಧಿಯಿದ್ದಿತು. ಜಾರಿಯಾದ ಮೇಲೂ ಆಣೆಯ ನಾಣ್ಯಗಳು ಕೆಲವು ವರ್ಷ ಹೊಸವುಗಳೊಡನೆ ಸಲ್ಲುತ್ತಿದ್ದುವು.

ಇಲ್ಲಿ ಎದುರಾದ ಒಂದು ತೊಡಕು ವಿಶೇಷವಾದುದು. 'ಪೈಸೆ' ಎಂಬ ಒಂದೇ ಹೆಸರು ಎರಡು ಬೆಲೆಗಳಿಗೆ ಅನ್ವಯಿಸುವಂತಾಯಿತು: ಹಳೆಯ ಪೈಸೆ ರೂಪಾಯಿಯ ಅರುವತ್ತನಾಲ್ಕನೆಯ ಒಂದು ಭಾಗ, ಹೊಸದು ನೂರನೆಯ ಒಂದು ಭಾಗ. ಈ ಗೊಂದಲವನ್ನು ನಿವಾರಿಸಲು ಹೊಸದಕ್ಕೆ 'ನಯಾ ಪೈಸಾ' ಎಂದು ಹೆಸರಿಟ್ಟರು. ಹಳೆಯದರ ನೆನಪು ಮಾಸಿದ ಮೇಲೆ, ೧೯೬೪ರ ಜೂನ್ ೧ರಿಂದ, 'ನಯಾ' ಎಂಬ ವಿಶೇಷಣವನ್ನು ಕೈಬಿಟ್ಟರು. ತಂತ್ರಾಂಶದ ಆವೃತ್ತಿಗಳಿಗೆ ಸಂಖ್ಯೆ ಕೊಡುವುದರ ಹಿಂದಿರುವ ವಿವೇಕವೂ ಇದೇ. ಎರಡು ಆವೃತ್ತಿಗಳು ಒಟ್ಟಿಗೆ ಬದುಕಿರುವವರೆಗೆ ಅವುಗಳ ಹೆಸರು ಬೇರೆಯಾಗಿರಬೇಕು.

ಎರಡನೆಯ ತೊಡಕು ಭಿನ್ನರಾಶಿಯದು. ನಾಲ್ಕಾಣೆ ಇಪ್ಪತ್ತೈದು ಪೈಸೆಗೂ, ಎಂಟಾಣೆ ಐವತ್ತಕ್ಕೂ ಸರಿಯಾಗಿ ಕೂಡುತ್ತಿದ್ದುವು. ಆದರೆ ಒಂದಾಣೆ ಎಂದರೆ ಆರೂಕಾಲು ಪೈಸೆ. ಪರಿವರ್ತನೆಯ ಪಟ್ಟಿಯಲ್ಲಿ ಅದು ಆರಾಯಿತು. ಎರಡಾಣೆ ಹನ್ನೆರಡೂವರೆಯ ಬದಲು ಹನ್ನೆರಡಾಯಿತು, ಮೂರಾಣೆ ಹದಿನೆಂಟೂಮುಕ್ಕಾಲರ ಬದಲು ಹತ್ತೊಂಬತ್ತಾಯಿತು. ನೂರು ರೂಪಾಯಿಯ ವ್ಯಾಪಾರಿಗೆ ಕಾಲು ಪೈಸೆ ಲೆಕ್ಕವಲ್ಲ. ಆದರೆ ಒಂದೊಂದೇ ಆಣೆಯ ಸರಕನ್ನು ಕೊಳ್ಳುವ ಅಥವಾ ಮಾರುವ ಬಡವನ ವ್ಯವಹಾರದಲ್ಲಿ ಈ ಕಾಲು ಪೈಸೆ ದಿನಕ್ಕೆ ಹಲವು ಬಾರಿ ಬಂದು ಹೋಗುತ್ತದೆ. ನಾಲ್ಕು ಬಾರಿ ಒಂದೊಂದಾಣೆಗೆ ಮಾರಿದವನಿಗೆ ಬಂದುದು ಇಪ್ಪತ್ತನಾಲ್ಕು ಪೈಸೆ. ಒಮ್ಮೆಗೇ ನಾಲ್ಕಾಣೆಗೆ ಮಾರಿದವನಿಗೆ ಇಪ್ಪತ್ತೈದು. ಬದಲಾವಣೆಯ ಸಣ್ಣ ಶೇಷಗಳು ಸಣ್ಣ ವ್ಯವಹಾರದವರ ಪಾಲಿಗೇ ಬೀಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ತೂಕ ಅಳತೆಗಳ ವಿಷಯದಲ್ಲಿ ಸರಕಾರವು ಇನ್ನೂ ನಿಧಾನವಾದ ಮಾರ್ಗವನ್ನು ಹಿಡಿಯಿತು. ೧೯೫೬ರ ಶಾಸನವನ್ನು ೧೯೫೮ರ ಅಕ್ಟೋಬರಿನಿಂದ ಮೊದಲ್ಗೊಂಡು ಪ್ರದೇಶಕ್ಕೆ ಪ್ರದೇಶವಾಗಿ, ವ್ಯಾಪಾರಕ್ಕೆ ವ್ಯಾಪಾರವಾಗಿ ಜಾರಿಗೆ ತಂದು, ೧೯೬೨ರ ಹೊತ್ತಿಗೆ ಕಿಲೋಗ್ರಾಮನ್ನು ಕಡ್ಡಾಯಗೊಳಿಸಿದರು. ಮೊದಲ ಪ್ರದೇಶದಲ್ಲಿ ಕಂಡ ತೊಂದರೆಯನ್ನು ಎರಡನೆಯ ಪ್ರದೇಶದಲ್ಲಿ ತಿದ್ದಿಕೊಳ್ಳಲು ಇದರಿಂದ ಅವಕಾಶ ದೊರೆಯುತ್ತದೆ. ತಂತ್ರಜ್ಞರು ಇದನ್ನು 'ಕ್ಯಾನರಿ' ಬಿಡುಗಡೆ ಎನ್ನುತ್ತಾರೆ. ಹಿಂದೆ ಕಲ್ಲಿದ್ದಲ ಗಣಿಗಳಿಗೆ ಇಳಿಯುವವರು ವಿಷವಾಯುವಿನ ಸುಳಿವನ್ನು ತಿಳಿಯಲು ಕ್ಯಾನರಿ ಎಂಬ ಪುಟ್ಟ ಹಕ್ಕಿಯನ್ನು ಒಯ್ಯುತ್ತಿದ್ದರು; ಆ ಹೆಸರು ಅಲ್ಲಿಂದ ಬಂದುದು. ಹೊಸ ಆವೃತ್ತಿಯನ್ನು ಮೊದಲು ನೂರರಲ್ಲಿ ಒಬ್ಬರಿಗೆ ಕೊಟ್ಟು, ಕೆಡುಕು ಕಾಣದಿದ್ದರೆ ಹತ್ತು ಮಂದಿಗೆ, ಬಳಿಕ ಎಲ್ಲರಿಗೂ ಕೊಡುವುದು ಇದರ ಕ್ರಮ.

೫

ನಮ್ಮ ನಾಡಿನಲ್ಲಿ ಈ ಕ್ರಮವು ಗಣಕಯಂತ್ರಕ್ಕೇ ಅನ್ವಯಿಸಿದ ದೊಡ್ಡ ಉದಾಹರಣೆ ಕರ್ನಾಟಕದ 'ಭೂಮಿ' ಯೋಜನೆ. ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯ ಅದಾಗಿತ್ತು. ೧೯೯೯ರ ಸುಮಾರಿಗೆ ಮದ್ದೂರು ಮೊದಲಾದ ಕೆಲವೇ ತಾಲ್ಲೂಕುಗಳಲ್ಲಿ ಪ್ರಯೋಗಿಸಿ ನೋಡಿ, ಅನಂತರ ಒಂದೊಂದಾಗಿ ೧೭೭ ತಾಲ್ಲೂಕುಗಳಿಗೂ ವಿಸ್ತರಿಸಿದರು. ಯಂತ್ರಕ್ಕೆ ಏರಿಸಿದ ವಿವರಗಳನ್ನು ಮುದ್ರಿಸಿ, ಗ್ರಾಮಲೆಕ್ಕಿಗರಿಂದ ಮೂಲದೊಡನೆ ತಾಳೆ ನೋಡಿಸಿದರು. ಆದರೆ ಒಂದು ತಾಲ್ಲೂಕಿನಲ್ಲಿ ಹೊಸ ವ್ಯವಸ್ಥೆ ಸಿದ್ಧವಾದೊಡನೆ ಅಲ್ಲಿ ಕೈಬರಹದ ಪಹಣಿಯನ್ನು ಅಮಾನ್ಯಗೊಳಿಸಿದರು. ಹಾಲಿ ಸಿಕ್ಕದ ರೀತಿಗೂ ಇದಕ್ಕೂ ಭೇದವಿದೆ. ಎರಡು ನಾಣ್ಯಗಳು ಜೊತೆಯಾಗಿ ನಡೆಯಬಹುದು. ಒಂದೇ ಹೊಲಕ್ಕೆ ಎರಡು ಪಹಣಿಗಳು ನಡೆಯಲಾರವು, ನಡೆದರೆ ವ್ಯಾಜ್ಯಕ್ಕೆ ದಾರಿ. ಆದಕಾರಣ ಜೊತೆಯ ಓಟವೇ ಎಲ್ಲ ಸಂದರ್ಭಕ್ಕೂ ಮದ್ದಲ್ಲ. ಎಲ್ಲಿ ಸತ್ಯದ ಆಧಾರ ಒಂದೇ ಇರಬೇಕೋ ಅಲ್ಲಿ ವಿಸ್ತರಣೆ ನಿಧಾನವಾಗಿರಲಿ, ಬದಲಾವಣೆಯ ಗಳಿಗೆ ಮಾತ್ರ ಖಚಿತವಾಗಿರಲಿ ಎಂಬುದೇ ಇದರ ಪಾಠ.

ಹೈದರಾಬಾದಿನಲ್ಲಿ ಇತ್ತೀಚಿನ ಇನ್ನೊಂದು ದೃಷ್ಟಾಂತ ಬ್ಯಾಂಕಿನದು. ಹಾಲಿ ಸಿಕ್ಕದ ನಿರ್ವಹಣೆಗೆಂದು ೧೯೪೧ರ ಶಾಸನದಿಂದ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ೧೯೫೬ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ೨೦೧೭ರ ಏಪ್ರಿಲ್ ೧ರಂದು ಅದೂ, ೧೯೧೩ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕೂ ಇತರ ಸಹವರ್ತಿ ಬ್ಯಾಂಕುಗಳೊಡನೆ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನಗೊಂಡುವು. ಫಲಕಗಳು ಬದಲಾದುವು, ಶಾಖೆಗಳ ಸಂಕೇತಸಂಖ್ಯೆಗಳೂ ಬದಲಾದುವು. ಆದರೆ ಹಳೆಯ ಬ್ಯಾಂಕುಗಳ ಚೆಕ್ಕುಗಳಿಗೆ ಆ ವರ್ಷದ ಡಿಸೆಂಬರ್ ೩೧ರವರೆಗೆ ಅವಧಿಯನ್ನು ವಿಸ್ತರಿಸಿ ಮಾನ್ಯತೆ ಕೊಟ್ಟರು. ಅರುವತ್ತು ವರ್ಷಗಳ ಹಿಂದೆ ನಾಣ್ಯಕ್ಕೆ ಕೊಟ್ಟ ಸಾವಕಾಶವನ್ನೇ, ಅದೇ ನಾಣ್ಯಕ್ಕಾಗಿ ಹುಟ್ಟಿದ ಬ್ಯಾಂಕಿನ ಗ್ರಾಹಕರಿಗೂ ಅಲ್ಪ ಪ್ರಮಾಣದಲ್ಲಿ ಕೊಟ್ಟಂತಾಯಿತು.

೬

ಇದಕ್ಕೆ ವ್ಯತಿರಿಕ್ತವಾದ ಎರಡು ಪ್ರಸಂಗಗಳನ್ನೂ ಇಲ್ಲಿ ಪರಿಶೀಲಿಸಬೇಕು. ೨೦೧೬ರ ನವೆಂಬರ್ ೮ರ ರಾತ್ರಿ ಐದುನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳ ರದ್ದತಿ ಪ್ರಕಟವಾಗಿ, ಅಂದಿನ ನಡುರಾತ್ರಿಯಿಂದಲೇ ಜಾರಿಗೆ ಬಂತು. ಬೆಲೆಯ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ನೂರಕ್ಕೆ ಸುಮಾರು ೮೬ ಭಾಗ ಅವುಗಳದಾಗಿತ್ತು. ಹೊಸ ನೋಟಿನ ಗಾತ್ರ ಬೇರೆಯಾದುದರಿಂದ ಎಟಿಎಂ ಯಂತ್ರಗಳನ್ನೂ ಒಂದೊಂದಾಗಿ ಸರಿಪಡಿಸಬೇಕಾಯಿತು. ಗೋಪ್ಯತೆಯೇ ಆ ಕ್ರಮದ ಒಂದು ಉದ್ದೇಶವಾಗಿದ್ದುದರಿಂದ ಮುನ್ಸೂಚನೆಗೆ ಅವಕಾಶವಿರಲಿಲ್ಲವೆಂಬ ವಾದವಿದೆ. ಆ ವಾದವನ್ನು ಅಲ್ಲಗಳೆಯದೆಯೂ ಹೇಳಬಹುದಾದ ಮಾತೊಂದಿದೆ: ಮುನ್ಸೂಚನೆಯನ್ನು ಬಿಟ್ಟಷ್ಟೂ ಸಿದ್ಧತೆಯನ್ನು ಹೆಚ್ಚಿಸಬೇಕು. ತಂತ್ರಾಂಶದಲ್ಲಿಯೂ ಕಳ್ಳರಿಗೆ ದಾರಿಯಾಗಬಹುದಾದ ಬಿರುಕೊಂದು ಗೊತ್ತಾದಾಗ ಅದನ್ನು ಮುಚ್ಚುವ ಅಪ್‌ಡೇಟನ್ನು ತಿಂಗಳುಗಟ್ಟಲೆ ಸಾವಕಾಶವಾಗಿ ಹಂಚಲಾಗದು. ಮೈಕ್ರೋಸಾಫ್ಟ್ ಸಂಸ್ಥೆ ೨೦೦೩ರ ಅಕ್ಟೋಬರಿನಿಂದ ಇಂಥ ತಿದ್ದುಪಡಿಗಳಿಗೆ ತಿಂಗಳ ಎರಡನೆಯ ಮಂಗಳವಾರವನ್ನು ಗೊತ್ತುಮಾಡಿದುದು ತ್ವರೆಗೂ ಮುನ್ಸೂಚನೆಗೂ ನಡುವಣ ಒಂದು ರಾಜಿ. ದಿನ ಮೊದಲೇ ತಿಳಿದಿರುವುದರಿಂದ ಕಚೇರಿಗಳು ಅದಕ್ಕೆ ಅಣಿಯಾಗಿರುತ್ತವೆ.

ಎರಡನೆಯದು ೨೦೨೪ರ ಜುಲೈ ೧೯ರ ಪ್ರಸಂಗ. ಗಣಕಯಂತ್ರಗಳ ರಕ್ಷಣೆಗೆ ತಂತ್ರಾಂಶ ಒದಗಿಸುವ ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆ, ಭಾರತದ ಕಾಲಮಾನದಂತೆ ಬೆಳಿಗ್ಗೆ ೯ ಗಂಟೆ ೩೯ ನಿಮಿಷಕ್ಕೆ, ಒಂದು ಸಣ್ಣ ಕಡತವನ್ನು ಜಗತ್ತಿನ ತನ್ನೆಲ್ಲ ಗ್ರಾಹಕರಿಗೂ ಏಕಕಾಲದಲ್ಲಿ ಕಳುಹಿಸಿತು. ಕಡತದಲ್ಲಿ ದೋಷವಿತ್ತು. ೧೦ ಗಂಟೆ ೫೭ ನಿಮಿಷಕ್ಕೆ ಅದನ್ನು ಹಿಂತೆಗೆದುಕೊಂಡರಾದರೂ, ಅಷ್ಟರಲ್ಲಿ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತಿದ್ದುವು. ಕೆಟ್ಟ ಯಂತ್ರವು ತಿದ್ದುಪಡಿಯನ್ನು ಸ್ವೀಕರಿಸುವ ಸ್ಥಿತಿಯಲ್ಲಿಯೂ ಇರದ ಕಾರಣ ಬಹಳ ಕಡೆ ಒಂದೊಂದನ್ನೂ ಕೈಯಿಂದಲೇ ರಿಪೇರಿ ಮಾಡಬೇಕಾಯಿತು. ಶಂಷಾಬಾದ್ ವಿಮಾನನಿಲ್ದಾಣದಲ್ಲಿ ಅಂದು ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ನೂರರಲ್ಲೊಬ್ಬರಿಗೆ ಮೊದಲು ಕೊಟ್ಟು ನೋಡುವ ಕ್ರಮವನ್ನು ಅಂಥ ಕಡತಗಳಿಗೆ ಅನುಸರಿಸುತ್ತಿರಲಿಲ್ಲವೆಂಬುದೇ ಈ ಅನರ್ಥದ ವ್ಯಾಪ್ತಿಗೆ ಕಾರಣ. ಇನ್ನುಮುಂದೆ ಹಂತಹಂತವಾಗಿ ಕಳುಹಿಸುವುದಾಗಿ ಸಂಸ್ಥೆ ಆಮೇಲೆ ತಿಳಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಂದು ವಿಮಾನಗಳನ್ನು ಹೊರಡಿಸಲು ನೆರವಾದುದು ಕಾಗದ ಮತ್ತು ಲೇಖನಿ, ಅಂದರೆ ಹಳೆಯ ವ್ಯವಸ್ಥೆ. ಅದನ್ನು ಬಲ್ಲವರು ಇನ್ನೂ ಇದ್ದುದರಿಂದ ಅದು ಒದಗಿತು.

೭

ಮೇಲಿನ ವಿವೇಚನೆಯಿಂದ ಹೊರಡುವ ಸೂತ್ರಗಳನ್ನು ಸಂಗ್ರಹಿಸಿ ಹೀಗೆ ಹೇಳಬಹುದು. ಹೊಸದನ್ನು ಹಳೆಯದರ ಪಕ್ಕದಲ್ಲಿ ನಿಲ್ಲಿಸಿ, ಎರಡರ ನಡುವಣ ಪರಿವರ್ತನೆಯ ದರವನ್ನು ಸಾಮಾನ್ಯನಿಗೆ ಎಟಕುವಂತೆ ಇಡಬೇಕು. ಹಳೆಯದರ ಉತ್ಪಾದನೆಯನ್ನು ಮೊದಲು ನಿಲ್ಲಿಸಿ, ಅದರ ಮಾನ್ಯತೆಯನ್ನು ಬಹಳ ತಡವಾಗಿ ತೆಗೆಯಬೇಕು. ಎಲ್ಲ ಕಡೆ ಒಮ್ಮೆಗೇ ನುಗ್ಗದೆ ಸ್ಥಳದಿಂದ ಸ್ಥಳಕ್ಕೆ ಹೋಗಬೇಕು. ತಪ್ಪಿದಲ್ಲಿ ಹಿಂದಿರುಗುವ ದಾರಿಯನ್ನು ತೆರೆದಿಡಬೇಕು. ಎರಡು ವ್ಯವಸ್ಥೆಗಳು ಒಟ್ಟಿಗೆ ನಿಲ್ಲಲಾರದ ಕಡೆಯಲ್ಲಿ ಸಿದ್ಧತೆಯನ್ನು ಇಮ್ಮಡಿಸಬೇಕು.

ಆದರೆ ಈ ಸೂತ್ರಗಳಿಗೆಲ್ಲ ಆಧಾರವಾಗಿ ಒಂದು ನ್ಯಾಯದ ಪ್ರಶ್ನೆಯಿದೆ. ಬದಲಾವಣೆ ಸುಗಮವಾಯಿತೆಂದು ಕಚೇರಿಯು ವರದಿ ಮಾಡುವಾಗ ಅದು ಎಣಿಸುವುದು ಬಹುಸಂಖ್ಯಾತರನ್ನು. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ತೊಂದರೆಯಾಗದಿದ್ದರೆ ತಂತ್ರಜ್ಞನು ತೃಪ್ತನಾಗುತ್ತಾನೆ. ಉಳಿದ ಒಬ್ಬನು ಸಾಮಾನ್ಯವಾಗಿ ಹಳೆಯ ಮೊಬೈಲನ್ನೇ ಇಟ್ಟುಕೊಂಡವನು, ನಿವೃತ್ತಿವೇತನಕ್ಕಾಗಿ ಬ್ಯಾಂಕಿಗೆ ನಡೆದುಬರುವವನು, ತನ್ನ ಭಾಷೆಯಲ್ಲಿ ಸೂಚನೆ ದೊರೆಯದವನು. ಆಣೆಯ ಕಾಲು ಪೈಸೆಯನ್ನು ಕಳೆದುಕೊಂಡವನೂ ಇಂಥವನೇ. ಸಿಕ್ಕದ ನೋಟಿನ ಮೇಲೆ ಕನ್ನಡವನ್ನೂ ಮುದ್ರಿಸಿದ ವಿವೇಕ, ಒಂಬತ್ತು ವರ್ಷಗಳ ಸಾವಕಾಶವನ್ನು ಕೊಟ್ಟ ಸಹನೆ ಇವೆರಡೂ ಆ ಒಬ್ಬನನ್ನು ಲೆಕ್ಕಕ್ಕೆ ತೆಗೆದುಕೊಂಡುದರ ಗುರುತುಗಳು. ಭಾಷಾವಾರು ಪ್ರಾಂತರಚನೆಯ ಗೆರೆಯ ಈಚೆಗೆ ಉಳಿದ ಕನ್ನಡ ಮನೆತನಗಳಿಗೆ ಇದು ಕೇವಲ ಶಾಸ್ತ್ರವಿಚಾರವಲ್ಲ. ೧೯೫೬ರಲ್ಲಿ ವ್ಯವಸ್ಥೆ ಬದಲಾದಾಗ ಅಲ್ಪಸಂಖ್ಯಾತರ ಸಾಲಿನಲ್ಲಿ ನಿಂತ ಅನುಭವ ಅವುಗಳದು.

ಈ ವಿಷಯದಲ್ಲಿ ಇನ್ನೂ ಸಂಶೋಧನೆ ನಡೆಯಬೇಕಾಗಿದೆ. ೧೯೫೦ ಮತ್ತು ೧೯೫೯ರ ನಡುವೆ ರಾಯಚೂರು, ಕಲಬುರಗಿ, ಬೀದರು ಜಿಲ್ಲೆಗಳ ವರ್ತಕರೂ ಈ ನಗರದ ಕನ್ನಡ ಮನೆತನಗಳೂ ಇಟ್ಟ ಲೆಕ್ಕದ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ, ಅವುಗಳಲ್ಲಿ ಸಿಕ್ಕದ ಅಂಕಣ ಯಾವ ವರ್ಷದಲ್ಲಿ ನಿಂತಿತು, ಕೊನೆಯ ಸಿಕ್ಕ ರೂಪಾಯಿ ಯಾವ ಬಗೆಯ ವ್ಯವಹಾರದಲ್ಲಿ ಕಾಣುತ್ತದೆ ಎಂಬುದನ್ನು ಗುರುತಿಸುವುದು ಅವಶ್ಯಕ. ಸರಕಾರಿ ಪ್ರಕಟಣೆಯಲ್ಲಿ ಸಿಗುವುದು ಜಾರಿಯ ದಿನಾಂಕ ಮಾತ್ರ. ಬದಲಾವಣೆ ಜನರನ್ನು ನಿಜವಾಗಿ ಮುಟ್ಟಿದ ದಿನ ಸಿಗುವುದು ಆ ಲೆಕ್ಕದ ಪುಸ್ತಕಗಳಲ್ಲಿ. ಮನೆಯ ಅಟ್ಟದಲ್ಲಿ ಅಂಥ ಪುಸ್ತಕಗಳನ್ನು ಉಳಿಸಿಕೊಂಡಿರುವ ವಾಚಕರು ಅವನ್ನು ರದ್ದಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಬೇಕೆಂದು ವಿನಂತಿ.